ಹಳ್ಳದ ದಾರಿಯಲ್ಲಿ ಪ್ಲಾಟ್ ಬೇಡ

ಮಾನ್ಯ ಸಂಪಾದಕರೇ,

ರಾಯಚೂರಿನ ಅಂಚಿನಲ್ಲಿರುವ ನಮ್ಮ ಓಣಿಯ ಹಿಂದೆ ಒಂದು ಎರೆ ಹೊಲವಿತ್ತು. ಅದರ ನಡುವೆ ಸಣ್ಣ ಹಳ್ಳ. ವರ್ಷದ ಹೆಚ್ಚು ದಿನ ಒಣಗಿಯೇ ಇರುತ್ತಿತ್ತು, ಹುಡುಗರು ಅದರಲ್ಲೇ ಕ್ರಿಕೆಟ್ ಆಡುತ್ತಿದ್ದರು. ನಾಲ್ಕು ವರ್ಷದ ಹಿಂದೆ ಆ ಹೊಲ ಲೇಔಟ್ ಆಯಿತು. ಹಳ್ಳಕ್ಕೆ ಗರಸು ಸುರಿದು ರಸ್ತೆ ಎತ್ತರಿಸಿದರು. ನೀರು ಹೋಗಲಿ ಅಂತ ಹಾಕಿದ್ದು ಒಂದೇ ಒಂದು ಸಿಮೆಂಟ್ ಪೈಪ್. ಒಂದು ಕೊಡ ತೇಲಿಬಂದರೆ ಅದರೊಳಗೆ ಸಿಕ್ಕಿಕೊಳ್ಳುತ್ತದೆ, ಅಷ್ಟೇ ಅಗಲ.

ಕಳೆದ ಮಳೆಗಾಲದಲ್ಲಿ ಒಂದೇ ರಾತ್ರಿಯ ಮಳೆಗೆ ನೀರು ಹಿಂದಕ್ಕೆ ತಿರುಗಿ ನಮ್ಮ ಮನೆಗೆ ನುಗ್ಗಿತು. ಮೂರನೇ ದಿನ ಜೋಳದ ಚೀಲ ಬಿಚ್ಚಿದರೆ ತಳದ ಕಾಳೆಲ್ಲ ಮೊಳಕೆ ಒಡೆದಿದ್ದವು. ಗೋಡೆಯ ಮೇಲೆ ನೀರು ನಿಂತ ಗೆರೆ ಸುಣ್ಣ ಬಳಿದರೂ ಹೋಗಿಲ್ಲ. ಆರು ವರ್ಷದ ಮೊಮ್ಮಗಳ ಎದೆಮಟ್ಟಕ್ಕೆ ಬರುತ್ತದೆ ಅದು.

ಈಗ ಪಕ್ಕದ ಬಯಲಲ್ಲೂ ಕಲ್ಲು ನೆಟ್ಟಿದ್ದಾರೆ. ಅದಕ್ಕೇ ಈ ಪತ್ರ.

ನಮ್ಮದು ಬರದ ಜಿಲ್ಲೆ, ಇಲ್ಲಿ ನೆರೆ ಎಲ್ಲಿಂದ ಬರಬೇಕು ಅನ್ನುವವರಿದ್ದಾರೆ. 2009ರ ಅಕ್ಟೋಬರ್ ಶುರುವಿನಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯದ ಮಠಕ್ಕೇ ನೀರು ನುಗ್ಗಿದ್ದು ಅಷ್ಟು ಬೇಗ ಮರೆತುಹೋಯಿತಾ? ಅದು ಹೊಳೆಯ ನೆರೆ. ಊರೊಳಗಿನ ನೆರೆಗೆ ಹೊಳೆಯೇ ಬೇಕಿಲ್ಲ. ಎರೆ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ನಾಲ್ಕು ಒಳ್ಳೆ ಮಳೆ ಬಿದ್ದರೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಆಮೇಲೆ ನೀರು ಇಂಗುವುದು ತೀರಾ ನಿಧಾನ, ಹರಿದೇ ಹೋಗಬೇಕು. ಹಳ್ಳ ಇರುವುದೇ ಅದಕ್ಕೆ ಅಲ್ವಾ?

ಗ್ರಾಮ ನಕಾಶೆಯಲ್ಲಿ ಈ ಹಳ್ಳಗಳನ್ನು ಗುರುತಿಸಿರುತ್ತಾರೆ. ದಾಖಲೆಯಲ್ಲಿ ಅವು 'ಬಿ' ಖರಾಬು, ಅಂದರೆ ಸಾರ್ವಜನಿಕರ ಜಾಗ. ಎನ್‌ಎ ಮಾಡುವಾಗ, ಅಂದರೆ ಹೊಲವನ್ನು ಕೃಷಿಯೇತರ ಬಳಕೆಗೆ ಬದಲಿಸುವಾಗ, ಲೇಔಟ್ ನಕ್ಷೆಗೆ ಒಪ್ಪಿಗೆ ಕೊಡುವಾಗ ಆ ನಕಾಶೆಯನ್ನು ಪಕ್ಕದಲ್ಲಿ ಹರಡಿಕೊಂಡು ನೋಡಿದರೆ ಸಾಕು. ಹೇಗೂ ಪಾರ್ಕ್‌ಗೆ ಅಂತ ಜಾಗ ಬಿಡಲೇಬೇಕು. ಆ ಜಾಗವನ್ನು ತಗ್ಗಿನಲ್ಲಿ, ಹಳ್ಳದ ಎರಡೂ ಬದಿಗೆ ಬಿಡಿಸಿ. ನೀರಿಗೂ ದಾರಿ, ಮಕ್ಕಳಿಗೂ ಬಯಲು.

ಮನೆ ಕಟ್ಟಬೇಡಿ ಅಂತ ನಾನು ಹೇಳುತ್ತಿಲ್ಲ. ಪ್ಲಾಟ್ ಕೊಳ್ಳುವವರು ಚೀಟಿ ಎತ್ತಿ, ಬಂಗಾರ ಅಡವಿಟ್ಟು ಕೊಳ್ಳುವ ನಮ್ಮಂಥವರೇ. ಬೇಸಿಗೆಯಲ್ಲಿ ಜಾಗ ತೋರಿಸಿದರೆ ಅವರಿಗೆ ಹೇಗೆ ಗೊತ್ತಾಗಬೇಕು?

ಒಮ್ಮೆ ಕಟ್ಟಿದ ಮೇಲೆ ಎಲ್ಲವೂ ಕಷ್ಟ. ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ, ತುಂಗಭದ್ರೆಯ ನಡುಗಡ್ಡೆಯಾದ ವಿರೂಪಾಪುರಗಡ್ಡೆಯಲ್ಲಿ 2019ರ ಆಗಸ್ಟ್‌ನಲ್ಲಿ ನೂರಾರು ಪ್ರವಾಸಿಗರು ನೀರಿನ ನಡುವೆ ಸಿಲುಕಿ, ಹೆಲಿಕಾಪ್ಟರ್ ತರಿಸಬೇಕಾಯಿತು. ಅಲ್ಲಿನ ಅಕ್ರಮ ರೆಸಾರ್ಟ್‌ಗಳು ನೆಲಸಮವಾಗಿದ್ದು 2020ರಲ್ಲಿ, ಅದೂ ಸುಪ್ರೀಂ ಕೋರ್ಟ್‌ವರೆಗೆ ಹೋದ ಮೇಲೆ.

ನಮ್ಮ ಪಕ್ಕದ ಬಯಲಿಗೆ ಗರಸಿನ ಲಾರಿ ಇನ್ನೂ ಬಂದಿಲ್ಲ. ಅಷ್ಟರೊಳಗೆ ಸಂಬಂಧಪಟ್ಟ ಅಧಿಕಾರಿಗಳು ಒಂದು ಮಳೆ ದಿನ ಇಲ್ಲಿಗೆ ಬರಲಿ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ನಮ್ಮ ಓಣಿಯ ಹಿರಿಯರು ಜೊತೆಗೇ ನಡೆದು ತೋರಿಸುತ್ತಾರೆ.

— ಒಬ್ಬ ಓದುಗ, ರಾಯಚೂರು