ಕೂಸೇ, ಮರಿಗಳು ಏಳಿದ್ದವು

ಶಿರಸಿ, ಆಷಾಢದ ಕೊನೆ

ಪ್ರೀತಿಯ ಕೂಸೇ,

ಫೋನಿನಲ್ಲಿ ನಮ್ಮ ಮೊಲ ಚಿನ್ನಿಗೆ ಆರು ಮರಿ ಎಂದೆನಲ್ಲ, ಅದು ಈಗಿನ ಲೆಕ್ಕ. ಹುಟ್ಟಿದ್ದು ಏಳು. ನಿನಗೆ ಪರೀಕ್ಷೆ ಇತ್ತು, ಓದುವುದು ಬಿಟ್ಟು ಅಳುತ್ತಾ ಕೂರುತ್ತೀಯ ಎಂದು ಹೇಳಲಿಲ್ಲ. ಎರಡು ವಾರದಿಂದ ಅದೇ ಮನಸ್ಸಿನಲ್ಲಿ ಕೊರೆಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಅವತ್ತು ಬೆಳಗಿನಿಂದ ಒಂದೇ ಸಮ ಮಳೆ. ಅಪ್ಪ ಅಡಿಕೆ ದಬ್ಬೆಯಲ್ಲಿ ಕಟ್ಟಿದ ಗೂಡಿಗೆ ಇರಚಲು ಹೊಡೆಯುತ್ತಿತ್ತು, ಹಾಗಾಗಿ ಚಿನ್ನಿ, ಬೆಳ್ಳಿ ಎರಡನ್ನೂ ಬಚ್ಚಲುಮನೆಗೆ ತಂದು ಬಿಟ್ಟಿದ್ದೆವು, ಒಲೆಯ ಪಕ್ಕ ಬೆಚ್ಚಗಿರುತ್ತದಲ್ವಾ. ಮಧ್ಯಾಹ್ನ ನೋಡಿದರೆ ಚಿನ್ನಿ ಬಾಯಿ ತುಂಬ ಕರಡದ ಒಣಹುಲ್ಲು ಕಚ್ಚಿಕೊಂಡು, ಅದು ಎರಡೂ ಬದಿಗೆ ಮೀಸೆಯ ಹಾಗೆ ಚಾಚಿಕೊಂಡು, ಕಟ್ಟಿಗೆ ಒಟ್ಟಿದ ಮೂಲೆಯ ಹಳೇ ಬುಟ್ಟಿಗೆ ಹೋಗಿ ಬಂದು ಮಾಡುತ್ತಿತ್ತು. ಆಮೇಲೆ ಕೂತು ತನ್ನ ಹೊಟ್ಟೆಯ ಕೂದಲನ್ನೇ ಕಿತ್ತುಕೊಳ್ಳತೊಡಗಿತು. ಅಪ್ಪ ಕಜ್ಜಿ ಎಂದರು. ಗಬ್ಬ ಇರಬಹುದು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಅಂಗಡಿಯಲ್ಲಿ ಎರಡೂ ಹೆಣ್ಣು ಎಂದೇ ಕೊಟ್ಟಿದ್ದರು.

ಮರುದಿನ ಬೆಳಿಗ್ಗೆ ಬುಟ್ಟಿಯಲ್ಲಿ ಅರಳೆ ಗುಡ್ಡೆ ಹಾಕಿದ ಹಾಗೆ ಬಿಳಿ ಕೂದಲು. ಅದು ಮೆಲ್ಲಗೆ ಏರಿ ಇಳಿಯುತ್ತಿತ್ತು. ಬೆರಳು ತೂರಿಸಿದೆ, ಒಳಗೆ ಬಿಸಿ. ಕೂದಲು ಸರಿಸಿದರೆ ಏಳು ಮರಿ. ಮೈಮೇಲೆ ರೋಮವಿಲ್ಲ, ಕಣ್ಣು ಮುಚ್ಚಿದೆ, ಕಿವಿ ತಲೆಗೆ ಅಂಟಿಕೊಂಡಿದೆ. ನನ್ನ ಕಿರುಬೆರಳಿಗಿಂತ ಸ್ವಲ್ಪ ಉದ್ದ ಅಷ್ಟೇ. ಹೊಟ್ಟೆಯ ತೆಳ್ಳಗಿನ ಚರ್ಮದಡಿ ಏನೋ ಬೆಳ್ಳಗೆ ಕಂಡಿತು. ನಾನು ಅದನ್ನು ಅಷ್ಟು ಗಮನಿಸಲಿಲ್ಲ.

ಚಿನ್ನಿ ಮಾತ್ರ ಆ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಮೂಲೆಯಲ್ಲಿ ಸುಮ್ನೆ ಕೂತಿತ್ತು. ಬೆಕ್ಕು ಮರಿ ಹಾಕಿದರೆ ಹೇಗೆ ಅವುಗಳ ಜೊತೆಗೇ ಮಲಗಿರುತ್ತದೆ, ನಾನು ನೋಡಿದ್ದು ಅಷ್ಟೇ. ಮಧ್ಯಾಹ್ನವಾಯಿತು, ಸಂಜೆಯಾಯಿತು, ಒಂದು ಸಲವೂ ಹಾಲು ಕೊಡಲಿಲ್ಲ. ಮರಿಗಳನ್ನು ಬಿಟ್ಟೇಬಿಟ್ಟಿತು ಎಂದು ನನಗೆ ಹೊಟ್ಟೆಯಲ್ಲಿ ಸಂಕಟ. ಕಡೆಗೆ ತಡೆಯಲಾರದೆ ಎಲ್ಲಕ್ಕಿಂತ ಚಿಕ್ಕದನ್ನು ಸೀರೆ ಸೆರಗಿನಲ್ಲಿ ಹಿಡಿದುಕೊಂಡು, ಔಷಧದ ಫಿಲ್ಲರಿನಲ್ಲಿ ಹಸುವಿನ ಹಾಲು ಹಾಕಿದೆ. ಎರಡನೇ ಹನಿಗೇ ನೆತ್ತಿಗೇರಿತು. ಮೂಗಿನಿಂದ ಹಾಲು ಬಂತು. ಬೆನ್ನು ನೇವರಿಸಿದೆ, ಒಲೆಯ ಹತ್ತಿರ ಹಿಡಿದೆ. ಸ್ವಲ್ಪ ಹೊತ್ತಿಗೆ ನನ್ನ ಅಂಗೈಯಲ್ಲೇ ಹೋಯಿತು.

ಅಪ್ಪ ಮಳೆಯಲ್ಲೇ ಹೋಗಿ ಹಿತ್ತಲ ಪಾರಿಜಾತದ ಬುಡದಲ್ಲಿ ಹುಗಿದು ಮೇಲೊಂದು ಕಲ್ಲಿಟ್ಟು ಬಂದರು.

ಮಾರನೆಯ ದಿನ ಪಶು ಆಸ್ಪತ್ರೆಗೆ ಹೋದೆವು. ಡಾಕ್ಟರು ಹೇಳಿದ್ದು ಕೇಳು. ಮೊಲ ದಿನಕ್ಕೆ ಒಂದೋ ಎರಡೋ ಸಲ ಮಾತ್ರ ಹಾಲು ಕೊಡುತ್ತದಂತೆ, ಅದೂ ಜಾಸ್ತಿ ರಾತ್ರಿ ಅಥವಾ ನಸುಕಿನಲ್ಲಿ, ನಾಲ್ಕೈದು ನಿಮಿಷ. ಹಾಲು ತುಂಬ ಗಟ್ಟಿ, ಅಷ್ಟೇ ಸಾಕಾಗುತ್ತದೆ. ಉಳಿದ ಹೊತ್ತು ಗೂಡಿನಿಂದ ದೂರ ಇರುತ್ತದೆ, ತನ್ನ ವಾಸನೆ ಹಿಡಿದು ಹಾವು, ನರಿ ಮರಿಗಳ ಹತ್ತಿರ ಬರಬಾರದು ಎಂದು. ಹಾಲು ಕುಡಿದಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಹೊಟ್ಟೆ ನೋಡಬೇಕಂತೆ. ದುಂಡಗಿದ್ದು ಚರ್ಮದಡಿ ಬೆಳ್ಳಗೆ ಕಂಡರೆ ಅದು ತಾಯಿಯ ಹಾಲು.

ಆ ಚಿಕ್ಕದರ ಹೊಟ್ಟೆಯಲ್ಲೂ ಅದು ಇತ್ತು ಕೂಸೇ. ಅದಕ್ಕೆ ಹಸಿವೇ ಇರಲಿಲ್ಲ.

ಮೂರು ದಿನ ಬಿಟ್ಟು ನಸುಕಿನಲ್ಲಿ ಬಚ್ಚಲ ಒಲೆಗೆ ಬೆಂಕಿ ಹಾಕಲು ಎದ್ದಾಗ ಕಣ್ಣಾರೆ ಕಂಡೆ. ಚಿನ್ನಿ ಬುಟ್ಟಿಗೆ ಹಾರಿ ಸುಮ್ಮನೆ ನಿಂತಿತು. ಕೆಳಗಿನಿಂದ ಆರೂ ಮರಿ ಕೂದಲು ಸರಿಸಿಕೊಂಡು ಮೇಲೆದ್ದು, ಅಂಗಾತ ಬಿದ್ದು ಚಪ್ಪರಿಸತೊಡಗಿದವು. ಸದ್ದು ನನಗೆ ಕೇಳುತ್ತಿತ್ತು. ಹಂಡೆಯ ನೀರು ಉಗುರುಬೆಚ್ಚಗೂ ಆಗಿರಲಿಲ್ಲ, ಅಷ್ಟರಲ್ಲಿ ಮುಗಿಸಿ ಹೊರಗೆ ಹಾರಿತು. ಒಲೆಯ ಮುಂದೆ ಕೂತು ಎಷ್ಟು ಹೊತ್ತು ಅತ್ತೆನೋ.

ಇನ್ನು ಬೆಳ್ಳಿ. ಅದು ಗಂಡು. ಚಿಕ್ಕ ಮರಿಯಿದ್ದಾಗ ಗಂಡೋ ಹೆಣ್ಣೋ ಹೇಳುವುದು ಕಷ್ಟ, ಅನುಭವ ಇದ್ದವರೂ ತಪ್ಪುತ್ತಾರೆ ಎಂದು ಡಾಕ್ಟರೇ ಹೇಳಿದರು. ಹಸುವಿನ ಹಾಗೆ ಮೊಲಕ್ಕೆ ಬೆದೆಯ ದಿನ ಎಂದು ಕಾಯುವುದೂ ಇಲ್ಲ, ಹೆತ್ತ ದಿನವೇ ಮತ್ತೆ ಗಬ್ಬ ಕಟ್ಟಬಹುದು. ನಾವು ಬೇರೆ ಮಾಡಿದ್ದು ಮೂರನೇ ದಿನ! ಬೆಳ್ಳಿಗೆ ಆಪರೇಶನ್ ಮಾಡಿಸುತ್ತೇವೆ. ಆಮೇಲೂ ಕೆಲವು ವಾರ ಚಿನ್ನಿಯ ಹತ್ತಿರ ಬಿಡಬಾರದಂತೆ. ಹೆಸರು ಬೆಳ್ಳಿ ಎಂದೇ ಇರಲಿ, ಕರೆದರೆ ಓಡಿ ಬರುತ್ತದೆ.

ಮರಿಗಳಿಗೆ ಈಗ 16 ದಿನ. 11ನೇ ದಿನ ಕಣ್ಣು ಬಿಟ್ಟವು. ಒಂದರ ಎಡಗಿವಿ ಮಾತ್ರ ಕಪ್ಪು. ನಿನ್ನೆ ಅದು ಬುಟ್ಟಿಯಿಂದ ಹೊರಗೆ ಬಂದು ಒಂದೆಳೆ ಕರಡ ಬಾಯಲ್ಲಿಟ್ಟುಕೊಂಡು, ಏನು ಮಾಡಬೇಕೆಂದು ತಿಳಿಯದೆ ಹಾಗೇ ನಿಂತಿತ್ತು. ಆಚೆ ಮನೆಯವರು ಎರಡು ಕೇಳಿದ್ದಾರೆ. ಸಾಕುತ್ತೇವೆ ಎಂದಿದ್ದಾರೆ, ಆದರೂ ನಾನು ಮಾತು ಕೊಟ್ಟಿಲ್ಲ. ಎಂಟು ವಾರ ಆಗುವ ತನಕ ಯಾರಿಗೂ ಇಲ್ಲ. ಚೌತಿಗೆ ನೀನು ಬಂದಾಗ ಆರನ್ನೂ ನೋಡಬಹುದು, ಯಾರಿಗೆ ಕೊಡುವುದು, ಯಾವುದನ್ನು ಇಟ್ಟುಕೊಳ್ಳುವುದು ಎಂದು ಆಗ ನೀನೇ ಹೇಳು.

ಕ್ಯಾಲೆಂಡರಿನಲ್ಲಿ ಕೆಲವು ದಿನಕ್ಕೆ ಗುರುತು ಹಾಕಿದ್ದೇನೆ. ಮೊಲಕ್ಕೆ ಸುಮಾರು 28ರಿಂದ 31 ದಿನ ಗಬ್ಬ, ಇನ್ನೊಂದು ಸೂಲು ಇದ್ದರೆ ಆಗಲೇ ಆಗಬೇಕು. ಅಪ್ಪ ಹೊಸ ಪೆಟ್ಟಿಗೆ ಮಾಡಿದ್ದಾರೆ, ಒಣ ಕರಡ ತುಂಬಿಸಿಟ್ಟಿದ್ದೇನೆ. ಮರಿಯಾದರೆ ಮೊದಲು ಹೊಟ್ಟೆ ನೋಡುತ್ತೇನೆ. ಆಮೇಲೆ ನಿನಗೆ ಫೋನ್ ಮಾಡಿ, ಎಷ್ಟಿವೆಯೋ ಅಷ್ಟೇ ಹೇಳುತ್ತೇನೆ.

ನಿನ್ನ ಆಯಿ