ನಿರೋಧಕವೋ, ಸಹಿಷ್ಣುವೋ? ಸ್ಪಷ್ಟವಾಗಿ ಹೇಳಿ

ಮಾನ್ಯ ಸಂಪಾದಕರೇ,

ವೈರಸ್ ರೋಗಕ್ಕೆ ಜಗ್ಗದ ಧಾನ್ಯದ ತಳಿಗಳ ಸುದ್ದಿಗಳಲ್ಲಿ ‘ರೋಗ ನಿರೋಧಕ’, ‘ರೋಗ ಸಹಿಷ್ಣು’ ಎಂಬ ಪದಗಳನ್ನು ಒಂದೇ ಅರ್ಥದಲ್ಲಿ ಬಳಸಲಾಗುತ್ತಿದೆ. ಇದರಿಂದ ರೈತರಿಗೆ ನಷ್ಟವಾಗುತ್ತದೆ. ನಿರೋಧಕ ಗಿಡ ವೈರಸ್ ಹೆಚ್ಚದಂತೆ ತಡೆಯುತ್ತದೆ. ಸಹಿಷ್ಣು ಗಿಡದಲ್ಲಿ ವೈರಸ್ ಧಾರಾಳವಾಗಿ ಇರಬಹುದು, ಗಿಡ ಅದನ್ನು ತಾಳಿಕೊಂಡು ಕಾಳು ಕಟ್ಟುತ್ತದೆ. ಆ ಹಸಿರು ಹೊಲದಲ್ಲಿ ರಸ ಹೀರಿದ ಸಸ್ಯಹೇನು ಪಕ್ಕದ ಹೊಲಕ್ಕೆ ರೋಗ ಒಯ್ಯುತ್ತದೆ.

ಬಾರ್ಲಿ, ಗೋಧಿ, ಓಟ್ಸ್‌ಗೆ ತಗಲುವ ಹಳದಿ ಕುಬ್ಜ ರೋಗವನ್ನೇ ನೋಡಿ. ಗೋಧಿಯ ಬಿಡಿವಿ1 ವಂಶವಾಹಿ ತಾಳಿಕೆ ಕೊಡುತ್ತದೆ. ಥಿನೋಪೈರಮ್ ಎಂಬ ಹುಲ್ಲಿನಿಂದ ಗೋಧಿಗೆ ತಂದ ಬಿಡಿವಿ2 ವೈರಸ್ಸಿನ ಪ್ರಮಾಣವನ್ನೇ ತಗ್ಗಿಸುತ್ತದೆ. ಇಥಿಯೋಪಿಯಾದ ಬಾರ್ಲಿಯಿಂದ ಬಂದ ಆರ್‌ವೈಡಿ2 ಈ ವೈರಸ್ಸಿನ ಪಿಎವಿ, ಎಂಎವಿ ಬಗೆಗಳೆದುರು ಕೆಲಸ ಮಾಡುತ್ತದೆ, ಆರ್‌ಪಿವಿ ಎದುರು ಮಾಡುವುದಿಲ್ಲ. ಹಾಗಾಗಿ ಯಾವ ಬಗೆಯ ವೈರಸ್ಸಿನ ಮುಂದೆ ಪರೀಕ್ಷೆ ನಡೆಯಿತು ಎಂದು ಹೇಳದ ಫಲಿತಾಂಶ ಅರ್ಧ ಫಲಿತಾಂಶ.

ಪರೀಕ್ಷೆಯ ಕ್ರಮವೂ ನಾಜೂಕಿನದು. ಪ್ರತಿ ತಳಿಯನ್ನೂ ಜೋಡಿ ತಾಕುಗಳಲ್ಲಿ ಬಿತ್ತಬೇಕು. ಒಂದರಲ್ಲಿ, ಪೈರು ಒಂದೆರಡು ಎಲೆ ಬಿಟ್ಟಾಗ ರೋಗದ ಗಿಡದಲ್ಲಿ ಸಾಕಿದ ಸಸ್ಯಹೇನುಗಳನ್ನು ಗಿಡಕ್ಕೆ 5ರಿಂದ 10ರಂತೆ ಬಿಡಬೇಕು. ವೈರಸ್ ಇರುವುದು ಆಹಾರ ಸಾಗಿಸುವ ನಾಳಗಳಲ್ಲಿ ಮಾತ್ರ. ಹೇನಿನ ಸೂಜಿಬಾಯಿ ಅಲ್ಲಿಗೆ ತಲುಪಲು ಹೊತ್ತು ಬೇಕಾದ್ದರಿಂದ 2–3 ದಿನ ರಸ ಹೀರಲು ಬಿಟ್ಟು, ಬಳಿಕ ಕೀಟನಾಶಕ ಹೊಡೆಯಬೇಕು. ಇನ್ನೊಂದು ತಾಕಿಗೆ ಹೇನು ಸೋಕಲೇಬಾರದು. ಎಡವುವುದು ಇಲ್ಲಿಯೇ. ಸಿಂಪಡಣೆ ತಡವಾದರೆ ಹೇನು ಮರಿ ಹಾಕಿ ರಕ್ಷಿತ ತಾಕಿಗೂ ಹಬ್ಬುತ್ತದೆ. ಎರಡೂ ಕಡೆ ಇಳುವರಿ ಕುಸಿದು ವ್ಯತ್ಯಾಸ ಅಳಿಸಿಹೋಗುತ್ತದೆ, ರೋಗಕ್ಕೆ ತುತ್ತಾಗುವ ತಳಿ ‘ಸಹಿಷ್ಣು’ ಎಂದು ದಾಖಲಾಗುತ್ತದೆ! ಆದ್ದರಿಂದ 2–3 ವಾರಗಳ ನಂತರ ಎರಡೂ ತಾಕಿನ ಎಲೆಗಳಿಗೆ, ವೈರಸ್ ಇದೆಯೇ ಎಂದು ಪತ್ತೆ ಹಚ್ಚುವ ಎಲೈಸಾ ಪರೀಕ್ಷೆ ಬೇಕು.

ಎಲೆಯ ಹಳದಿ ಬಣ್ಣವೊಂದನ್ನೇ ನಂಬುವಂತಿಲ್ಲ. ಸಾರಜನಕದ ಕೊರತೆಯಲ್ಲಿ ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ. ಈ ರೋಗದಲ್ಲಿ ಎಲೆಯ ತುದಿಯಿಂದ ಬಣ್ಣ ಇಳಿಯುತ್ತಾ ಬರುತ್ತದೆ, ಹೊಲದಲ್ಲಿ ಅಲ್ಲಲ್ಲಿ ತೇಪೆ ಹಾಕಿದಂತೆ ಕಾಣುತ್ತದೆ. ಓಟ್ಸ್ ಕೆಂಪಗಾಗುವುದೇ ಹೆಚ್ಚು.

ಶೇಕಡಾವಾರು ನಷ್ಟವೂ ಮೋಸ ಮಾಡಬಲ್ಲದು. ಒಂದು ತಳಿ ಆರೋಗ್ಯವಾಗಿದ್ದಾಗ ತಾಕಿಗೆ 1000 ಗ್ರಾಂ, ರೋಗ ಬಂದಾಗ 750 ಗ್ರಾಂ ಕೊಟ್ಟಿತು ಎನ್ನಿ. ನಷ್ಟ ಶೇ 25. ಇನ್ನೊಂದು 600ರಿಂದ 540ಕ್ಕೆ ಇಳಿಯಿತು. ನಷ್ಟ ಬರೀ ಶೇ 10. ಕಾಗದದ ಮೇಲೆ ಎರಡನೆಯದು ಗೆದ್ದಿತು, ರೋಗದ ವರ್ಷದಲ್ಲೂ ರೈತನ ಕಣಜಕ್ಕೆ ಹೆಚ್ಚು ಕಾಳು ತಂದದ್ದು ಮೊದಲನೆಯದೇ.

ಹೊಸ ತಳಿಯ ಸುದ್ದಿ ಪ್ರಕಟಿಸುವಾಗ ರೋಗ ತಗುಲಿದ ತಾಕಿನ ಇಳುವರಿಯನ್ನೂ ಗಿಡದೊಳಗಿನ ವೈರಸ್ ಪ್ರಮಾಣವನ್ನೂ ಕೇಳಿ, ಎರಡನ್ನೂ ದಯವಿಟ್ಟು ಅಚ್ಚು ಹಾಕಿ.

— ಧಾನ್ಯ ತಳಿ ಅಭಿವೃದ್ಧಿಯಲ್ಲಿ ತೊಡಗಿರುವವರು