ಬಿಳಿ ಕೋಲು ಕೊಟ್ಟರೆ ಸಾಲದು, ನಡೆಯುವುದನ್ನೂ ಕಲಿಸಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಅಕ್ಟೋಬರ್ 15ರ ಬಿಳಿ ಕೋಲು ದಿನದಂದು ಅಲ್ಲಲ್ಲಿ ಕಾರ್ಯಕ್ರಮ ನಡೆಯುತ್ತದೆ, ಕಣ್ಣು ಕಾಣದವರನ್ನು ಸಾಲಾಗಿ ನಿಲ್ಲಿಸಿ ಕೈಗೊಂದು ಕೋಲು ಕೊಡುತ್ತಾರೆ. ಕೊಡಲಿ, ಬೇಕಾದದ್ದೇ. ಆದರೆ ಅದನ್ನು ಹಿಡಿದು ನಡೆಯುವುದು ಹೇಗೆ ಅಂತ ಹೇಳಿಕೊಡುವವರು ಅಲ್ಲಿ ಇರುತ್ತಾರಾ? ಅದಕ್ಕೂ ಮೊದಲು, ಆ ಮನುಷ್ಯ ಯಾರ ಆಸರೆಯೂ ಇಲ್ಲದೆ ಗಟ್ಟಿಯಾಗಿ ನಿಲ್ಲಬಲ್ಲರಾ ಅಂತ ಯಾರಾದರೂ ನೋಡುತ್ತಾರಾ?

ನಾನು ಮುಖ್ಯವಾಗಿ ಹೇಳುತ್ತಿರುವುದು ನಲವತ್ತು ಐವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆಯಿಂದಲೋ ಕಣ್ಣಿನ ನರ ಹಾಳುಮಾಡುವ ಗ್ಲಾಕೋಮಾದಿಂದಲೋ ದೃಷ್ಟಿ ಹೋದವರ ಬಗ್ಗೆ. ನಮ್ಮ ಚಿಕ್ಕಪ್ಪ ಅಂಥವರಲ್ಲಿ ಒಬ್ಬರು. ಇವರ ನಡಿಗೆಯನ್ನು ಸ್ವಲ್ಪ ಗಮನಿಸಿ. ಪಾದ ಎತ್ತುವುದೇ ಇಲ್ಲ, ನೆಲಕ್ಕೆ ಉಜ್ಜಿಕೊಂಡೇ ಸಾಗುತ್ತಾರೆ. ಕಾಲು ಅಗಲ, ಹೆಜ್ಜೆ ಚಿಕ್ಕದು, ಮುಖಕ್ಕೆ ಏನಾದರೂ ಬಡಿದೀತು ಅನ್ನುವ ಹೆದರಿಕೆಗೆ ಮೈ ಹಿಂದಕ್ಕೆ ವಾಲಿರುತ್ತದೆ. ಒಂದು ಸಲ ಬಿದ್ದರಂತೂ ಮುಗಿಯಿತು. ಮನೆಯವರು "ನೀವು ಏಳ್ಬೇಡಿ, ಏನು ಬೇಕೋ ಇಲ್ಲೇ ತಂದುಕೊಡ್ತೀವಿ" ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಆದರೆ ಕೂತು ಕೂತು ತೊಡೆಯ, ಮೀನಖಂಡದ ಶಕ್ತಿ ಇಳಿಯುತ್ತದೆ, ಮುಂದೆ ಯಾವತ್ತೋ ಎದ್ದಾಗ ಇನ್ನೂ ಸುಲಭವಾಗಿ ಬೀಳುತ್ತಾರೆ, ಬಿದ್ದಮೇಲೆ ಇನ್ನೂ ಜಾಸ್ತಿ ಕೂರುತ್ತಾರೆ.

ಕಣ್ಣಿಗೂ ನಿಲ್ಲುವುದಕ್ಕೂ ಏನು ಸಂಬಂಧ ಅಂತ ಕೇಳುವವರು ಗೋಡೆ ಪಕ್ಕ ಒಂಟಿ ಕಾಲಲ್ಲಿ ನಿಂತು ಕಣ್ಣು ಮುಚ್ಚಿ ನೋಡಲಿ. ಸ್ವಲ್ಪ ಹೊತ್ತಿಗೇ ಮೈ ಓಲಾಡತೊಡಗುತ್ತದೆ, ಕೈ ಗೋಡೆ ಹುಡುಕುತ್ತದೆ. ನಾವು ಆಯ ತಪ್ಪದೆ ನಿಲ್ಲುವುದಕ್ಕೆ ಕಣ್ಣು, ಒಳಗಿವಿ, ಅಂಗಾಲು ಮತ್ತು ಕೀಲುಗಳಿಂದ ಬರುವ ಸ್ಪರ್ಶದ ಸುದ್ದಿ, ಈ ಮೂರೂ ಬೇಕು. ಕಣ್ಣು ಹೋದಮೇಲೆ ಉಳಿದೆರಡರ ಮೇಲೆ ಭಾರ ಬೀಳುತ್ತದೆ. ಕಾಣದವರಿಗೆ ಉಳಿದ ಇಂದ್ರಿಯಗಳು ತಾವಾಗೇ ಚುರುಕಾಗುತ್ತವೆ ಅಂತ ನಾವು ಸುಮ್ನೆ ಹೇಳಿಬಿಡುತ್ತೇವೆ. ತಾವಾಗೇ ಆಗುವುದಿಲ್ಲ, ಅದರಲ್ಲೂ ಅರ್ಧ ಆಯುಷ್ಯ ಕಣ್ಣು ನಂಬಿಕೊಂಡು ನಡೆದವರಿಗೆ. ಅಭ್ಯಾಸ ಮಾಡಿಸಬೇಕು.

ಸಕ್ಕರೆ ಕಾಯಿಲೆಯವರ ಕಥೆ ಇನ್ನೂ ಕಷ್ಟ. ಕಣ್ಣಿನ ಪರದೆಯನ್ನು ಹಾಳು ಮಾಡಿದ ಅದೇ ಕಾಯಿಲೆ ಎಷ್ಟೋ ಜನರಲ್ಲಿ ಪಾದದ ನರಗಳನ್ನೂ ಹಾಳು ಮಾಡಿರುತ್ತದೆ. ಅಂಗಾಲು ಜೋಮು, ನೆಲ ಸರಿಯಾಗಿ ಗೊತ್ತಾಗುವುದಿಲ್ಲ. ಅಂದರೆ ಮೂರರಲ್ಲಿ ಎರಡು ದುರ್ಬಲ. ಆದರೂ ಕಣ್ಣಿನ ಡಾಕ್ಟರು ಕಣ್ಣು ನೋಡುತ್ತಾರೆ, ಶುಗರ್ ಡಾಕ್ಟರು ರಕ್ತ ನೋಡುತ್ತಾರೆ, ಈ ಮನುಷ್ಯ ಬಚ್ಚಲಿಗೆ ಹೇಗೆ ಹೋಗುತ್ತಾನೆ ಅಂತ ಕೇಳುವವರಿಲ್ಲ. ನಮ್ಮ ಚಿಕ್ಕಪ್ಪನಿಗೆ ಸರ್ಟಿಫಿಕೇಟ್ ಸಿಕ್ಕಿತು, ಪಿಂಚಣಿ ಸಿಕ್ಕಿತು, ನಡಿಗೆಯ ಬಗ್ಗೆ ಮಾತ್ರ ಯಾರೂ ಒಂದು ಮಾತು ಆಡಲಿಲ್ಲ. ಕೊನೆಗೆ ಪರಿಚಯದ ಫಿಸಿಯೋಥೆರಪಿಸ್ಟ್ ಒಬ್ಬರು ಬಂದು ಅಭ್ಯಾಸ ಶುರು ಮಾಡಿಸಿದರು.

ಅದು ದೊಡ್ಡ ಮೆಷೀನಿನ ಕೆಲಸವಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಅಡುಗೆಮನೆ ಕಟ್ಟೆ ಹಿಡಿದು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುವುದು. ಗೋಡೆಗೆ ಬೆರಳು ತಾಗಿಸಿಕೊಂಡು ಹಿಮ್ಮಡಿಗೆ ಹೆಬ್ಬೆರಳು ಹೊಂದಿಸಿ ನಡೆಯುವುದು. ಆಮೇಲೆ ಮಡಿಸಿದ ಜಮಖಾನದ ಮೇಲೆ ನಿಲ್ಲುವುದು, ನಿಂತೇ ತಲೆ ಆಚೀಚೆ ತಿರುಗಿಸುವುದು, ಯಾವಾಗಲೂ ಪಕ್ಕದಲ್ಲಿ ಒಬ್ಬರು ಇದ್ದುಕೊಂಡು. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್ ಬೇಕಾಯಿತು ಅಂತ ಆಗಾಗ ಬರೆದಿಟ್ಟರೆ ಸುಧಾರಣೆ ಆಗುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಚಿಕ್ಕಪ್ಪ ಈಗ ಪಾದ ಎತ್ತಿ ಇಡುತ್ತಾರೆ, ಅಂಗಳದವರೆಗೆ ಒಬ್ಬರೇ ಬರುತ್ತಾರೆ.

ಕೋಲಿನ ವಿದ್ಯೆಯೂ ಹೀಗೆಯೇ, ಕಲಿತರೇ ಬರುವುದು. ಕೋಲು ನೆಲದಿಂದ ಎದೆಮೂಳೆಯವರೆಗೆ ಇರಬೇಕು, ಎಲ್ಲರಿಗೂ ಒಂದೇ ಅಳತೆ ಕೊಟ್ಟರೆ ಗಿಡ್ಡ ಕೋಲಿನವರು ಬಗ್ಗಿ ನಡೆದು ಇನ್ನಷ್ಟು ಆಯ ತಪ್ಪುತ್ತಾರೆ. ಬಲಗಾಲು ಮುಂದಿಡುವಾಗ ಕೋಲಿನ ತುದಿ ಎಡಕ್ಕೆ, ಎಡಗಾಲಿಡುವಾಗ ಬಲಕ್ಕೆ, ಭುಜದಗಲಕ್ಕಿಂತ ಸ್ವಲ್ಪ ಜಾಸ್ತಿ. ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ಮುಟ್ಟಿ ನೋಡಿರುತ್ತದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ವ್ಯಾಲಿ ಫೋರ್ಜ್ ಸೇನಾ ಆಸ್ಪತ್ರೆಯಲ್ಲಿ ರಿಚರ್ಡ್ ಹೂವರ್ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಉದ್ದ ಕೋಲಿನ ಈ ಕ್ರಮ ರೂಪಿಸಿದರು. ನಮ್ಮ ಡೆಹ್ರಾಡೂನ್‌ನಲ್ಲೂ ಯುದ್ಧದಲ್ಲಿ ದೃಷ್ಟಿ ಹೋದವರಿಗಾಗಿ 1943ರಲ್ಲೇ ಕೇಂದ್ರ ಶುರುವಾಗಿತ್ತು, ಕಣ್ಣು ಕಾಣದವರಿಗಾಗಿ ಅಲ್ಲಿ ಇವತ್ತು ಇರುವ ರಾಷ್ಟ್ರೀಯ ಸಂಸ್ಥೆಗೆ ಮೂಲ ಅದೇ. ಎಂಬತ್ತು ವರ್ಷದ ಹಿಂದಿನ ಈ ವಿದ್ಯೆ ನಮ್ಮ ಹೋಬಳಿಗಳಿಗೆ ಇನ್ನೂ ಬಂದಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ.

ಕಾಣದವರಿಂದ ಏನಾದೀತು ಅನ್ನುವವರಿಗೆ ಉದಾಹರಣೆ ನಮ್ಮಲ್ಲೇ ಇದೆ. ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್ ನಾಯಕತ್ವದಲ್ಲಿ ಭಾರತ 2012ರಲ್ಲಿ ಬೆಂಗಳೂರಿನಲ್ಲೇ ಅಂಧರ ಟಿ20 ವಿಶ್ವಕಪ್ ಗೆದ್ದಿತು. ಚಿಕ್ಕಮಗಳೂರಿನ ರಕ್ಷಿತಾ ರಾಜು ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಓಡಿ ಚಿನ್ನ ತಂದರು. ಅವರ ಮೈಗೆ ತರಬೇತಿ ಸಿಕ್ಕಿತ್ತು. ಐವತ್ತೈದರಲ್ಲಿ ಕಣ್ಣು ಹೋದವರು ಪದಕ ಕೇಳುತ್ತಿಲ್ಲ, ಅಂಗಡಿಗೆ ಹೋಗಿಬರುವಷ್ಟು ಧೈರ್ಯ ಕೇಳುತ್ತಿದ್ದಾರೆ.

ಅದಕ್ಕೆ ಹೊಸ ಕಟ್ಟಡ ಬೇಕಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 27ನೇ ಸೆಕ್ಷನ್ ಪುನರ್ವಸತಿ ಸರ್ಕಾರದ ಜವಾಬ್ದಾರಿ ಅಂತಲೇ ಹೇಳುತ್ತದೆ. ದೃಷ್ಟಿಯ ಸರ್ಟಿಫಿಕೇಟ್ ಬರೆಯುವ ದಿನವೇ ಜಿಲ್ಲಾಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಒಂದು ಚೀಟಿ ಬರೆದುಕೊಡಲಿ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾವೂ ವಿಕಲಚೇತನರಾಗಿದ್ದು ಕಡಿಮೆ ಗೌರವಧನಕ್ಕೆ ಮನೆಮನೆ ಅಲೆಯುತ್ತಾರೆ. ಅವರಿಗೆ ಈ ಅಭ್ಯಾಸಗಳನ್ನೂ ಕೋಲಿನ ಕ್ರಮವನ್ನೂ ಸರಿಯಾಗಿ ಕಲಿಸಿ, ಈ ಕೆಲಸಕ್ಕೆ ತಕ್ಕ ಹಣವನ್ನೂ ಕೊಡಿ. ಕೋಲು ಹಂಚುವವರು ಅಳತೆ ತೆಗೆದುಕೊಂಡೇ ಹಂಚಲಿ.

ಮನೆಯವರಿಗೂ ಒಂದು ಮಾತು. ಕರೆದುಕೊಂಡು ಹೋಗುವಾಗ ಅವರ ರಟ್ಟೆ ಹಿಡಿದು ಮುಂದೆ ತಳ್ಳಬೇಡಿ, ಹಾಗೆ ತಳ್ಳಿದರೆ ಅವರ ಆಯ ನಿಮ್ಮ ಕೈಯಿಂದಲೇ ತಪ್ಪುತ್ತದೆ. ನಿಮ್ಮ ಮೊಣಕೈ ಮೇಲ್ಭಾಗವನ್ನು ಅವರು ಹಿಡಿಯಲಿ, ಅರ್ಧ ಹೆಜ್ಜೆ ಹಿಂದೆ ಬರಲಿ, ಮೆಟ್ಟಿಲು ಬಂದಾಗ ಹತ್ತುವುದೋ ಇಳಿಯುವುದೋ ಅಂತ ಮೊದಲೇ ಹೇಳಿ.

ಇಂತಿ,
ನಿಮ್ಮ ಓದುಗ, ತಿಪಟೂರು